ನೆಲದ ಸಂದು

ಮನೆಗೆ ಬಂದ ಅತಿಥಿ ನೆಲವನ್ನು ನೋಡುತ್ತಾನೆ. ನೆಲದ ಸಂದನ್ನು ನೋಡುವುದಿಲ್ಲ. ಬಿಲ್ಲೆಯ ಬಣ್ಣ ಚೆನ್ನಾಗಿದೆ, ಹೊಳಪು ಚೆನ್ನಾಗಿದೆ, ಚದರಕ್ಕೆ ಎಷ್ಟು ಬಿತ್ತು ಎಂದು ಕೇಳಿ, ಕಾಫಿ ಕುಡಿದು ಹೊರಟುಹೋಗುತ್ತಾನೆ. ಸಂದನ್ನು ಬಲ್ಲವರು ಬೇರೆಯೇ ಇದ್ದಾರೆ. ದಿನವೂ ನೆಲ ಒರಸುವ ಗೃಹಿಣಿ ಬಲ್ಲಳು. ಒದ್ದೆ ಬಟ್ಟೆಯ ನೂಲು ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆಂಬುದು ಅವಳ ಕೈಗೆ ಕಂಠಪಾಠವಾಗಿರುತ್ತದೆ. ಅಂಬೆಗಾಲಿಕ್ಕುವ ಮಗು ಬಲ್ಲದು; ಹಿರಿಯರ ಕಣ್ಣಿಗೆ ಬೀಳದ ಸಾಸಿವೆ, ಗುಂಡುಸೂಜಿ, ಮೊನ್ನೆಯ ಉಪ್ಪಿಟ್ಟಿನ ರವೆ ಇವನ್ನೆಲ್ಲ ಅದು ಅಲ್ಲಿಂದಲೇ ಅಗೆದು ತೆಗೆದು ಬಾಯಿಗೆ ಹಾಕಿಕೊಳ್ಳುತ್ತದೆ. ಎಲ್ಲರಿಗಿಂತ ಮೊದಲು ಇರುವೆ ಬಲ್ಲದು. ಮುಂಗಾರು ಇಳಿಯುವುದಕ್ಕೆ ಒಂದು ವಾರ ಮುಂಚೆ ಶಿವಮೊಗ್ಗದ ಹಳೆಯ ಮನೆಯೊಂದರ ನಡುಮನೆಯಲ್ಲಿ ಕುಳಿತು ನೋಡಬೇಕು. ರಾತ್ರಿ ಬೆಳಗಾಗುವುದರೊಳಗೆ ಸಂದಿನ ಬಾಯಲ್ಲಿ ಮರಳಿನ ಪುಟ್ಟ ಗೋಪುರವೊಂದು ಎದ್ದಿರುತ್ತದೆ. ಗುಡಿಸಿ ಹಾಕಿದರೆ ಮರುದಿನ ಮತ್ತೆ ಎದ್ದಿರುತ್ತದೆ. ಮಕ್ಕಳಿಗೆ ಅದೊಂದು ಆಟ. ಮನೆಯ ಯಜಮಾನ ಸ್ವಲ್ಪ ಯೋಚಿಸುವವನಾದರೆ ಅವನಿಗೆ ಅದು ಆಟವಲ್ಲ. ಇರುವೆ ಮೇಲಕ್ಕೆ ಹೊತ್ತು ತಂದಷ್ಟು ಮರಳು ಕೆಳಗೆ ಇಲ್ಲವೆಂದೇ ಅದರ ಅರ್ಥ.

ಹಿಂದಿನವರ ನೆಲಕ್ಕೆ ಸಂದೆಂಬುದೇ ಇರಲಿಲ್ಲ. ಮಣ್ಣನ್ನು ಹದಮಾಡಿ, ಬಡಿದು, ಸಗಣಿಯಿಂದ ಸಾರಿಸಿದ ನೆಲ ಇಡಿಯಾದ ನೆಲ. ಅದೂ ಬಿರುಕು ಬಿಡುತ್ತಿತ್ತು, ನಿಜ. ಆದರೆ ಮುಂದಿನ ಸಾರಣೆಯಲ್ಲಿ ಆ ಬಿರುಕು ಮುಚ್ಚಿಹೋಗುತ್ತಿತ್ತು. ಮನೆಯ ಹೆಂಗಸರು ವಾರವಾರವೂ ನೆಲವನ್ನು ಹೊಸದಾಗಿ ಕಟ್ಟುತ್ತಿದ್ದರೆಂದೇ ಹೇಳಬೇಕು. ಅದನ್ನು ದುರಸ್ತಿ ಎಂದು ಯಾರೂ ಕರೆಯಲಿಲ್ಲ, ಅದರ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ಕೆಂಪು ಆಕ್ಸೈಡು ಬೆರೆಸಿ ತೇಯ್ದ ಸಿಮೆಂಟಿನ ನೆಲ ಬಂದಿತು. ಅದರ ತಂಪನ್ನೂ ನುಣುಪನ್ನೂ ಬಲ್ಲವರು ಇಂದಿಗೂ ಅದಕ್ಕೆ ಸಮನಾದದ್ದಿಲ್ಲವೆನ್ನುತ್ತಾರೆ, ಅದು ಉತ್ಪ್ರೇಕ್ಷೆಯಲ್ಲ. ಅದರ ದೋಷ ಒಂದೇ: ಬಿರಿಯುವಾಗ ಅದು ತನ್ನಿಚ್ಛೆಯ ಹಾದಿಯನ್ನು ಹಿಡಿಯುತ್ತದೆ. ದೇವರ ಮನೆಯ ಹೊಸ್ತಿಲಿನಲ್ಲಿ ಹುಟ್ಟಿ, ನಡುಮನೆಯನ್ನು ಓರೆಯಾಗಿ ದಾಟಿ, ಮೂಲೆಯ ಪೆಟ್ಟಿಗೆಯ ಅಡಿಯಲ್ಲಿ ಮಾಯವಾಗುವ ಆ ಬಿರುಕು ಭೂಪಟದ ನದಿಯಂತೆ ಕಾಣುತ್ತದೆ.

ಬಿಲ್ಲೆ ಹಾಸುವುದೆಂದರೆ ಈ ಬಿರುಕಿಗೆ ಮೊದಲೇ ಹಾದಿ ಮಾಡಿಕೊಡುವುದು. ನೆಲ ಅಲುಗಲೇಬೇಕಾಗಿದ್ದರೆ ಗೆರೆ ಎಳೆದ ಕಡೆ ಅಲುಗಲಿ. ಆ ಗೆರೆಯನ್ನು ಬಿಲ್ಲೆಗಿಂತ ಸ್ವಲ್ಪ ಮೆತ್ತಗಿರುವ ವಸ್ತುವಿನಿಂದ ತುಂಬಿಟ್ಟರೆ ಪೆಟ್ಟು ಬಿಲ್ಲೆಗೆ ತಾಕದೆ ಅದಕ್ಕೆ ತಾಕಲಿ ಎಂಬ ವಿವೇಕ ಅದರಲ್ಲಿ ಅಡಗಿದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. 1922ರಲ್ಲಿ ಮುಂಬಯಿಯ ಸ್ವದೇಶಿ ಉದ್ಯಮಿಗಳು ಸಿಮೆಂಟಿನ ಬಣ್ಣದ ಬಿಲ್ಲೆಗಳನ್ನು ಮಾಡತೊಡಗಿದರು. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ ಉಜ್ಜಿದ ಮೊಸಾಯಿಕ್ ಬಿಲ್ಲೆ ಮಧ್ಯಮ ವರ್ಗದ ಮನೆಗಳಿಗೆ ಬಂದುದು ಅದರ ಬಳಿಕ. ಬಿಲ್ಲೆಯ ಚರಿತ್ರೆಯನ್ನು ಬರೆದವರುಂಟು. ಸಂದಿನ ಚರಿತ್ರೆಯನ್ನು ಬರೆದವರು ವಿರಳ.

ಶಿವಮೊಗ್ಗದವರಿಗೆ ಸಿಮೆಂಟು ಪರದೇಶದ ವಸ್ತುವೇನಲ್ಲ. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿ ಇಲ್ಲಿಂದ ಸುಮಾರು 20 ಕಿಲೋಮೀಟರು. 1923ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಆಡಳಿತ ಮಂಡಲಿಯ ಅಧ್ಯಕ್ಷ ಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು. ಕಬ್ಬಿಣದ ಬೆನ್ನಿಗೆ 1938ರಲ್ಲಿ ಸಿಮೆಂಟಿನ ವಿಭಾಗವೂ ಸೇರಿತು. ಆ ಸಿಮೆಂಟಿನ ಕಾಲ ಮುಗಿದುಹೋಗಿದೆ. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಯಂತ್ರಗಳೂ ಕಳೆದ ದಶಕದಲ್ಲಿ ನಿಂತವು. ಆದರೆ ಒಂದು ತಲೆಮಾರಿನ ಮನೆಗಳು ಆ ಸಿಮೆಂಟಿನ ಮೇಲೆಯೇ ನಿಂತಿವೆ.

ಅಂತಹ ಮನೆಯೊಂದು ದುರ್ಗಿಗುಡಿಯ ಹಿಂದಿನ ಬೀದಿಯಲ್ಲಿದೆ. 1964ರಲ್ಲಿ ಕಟ್ಟಿದ್ದು. ಕಟ್ಟಿಸಿದವರು ಭದ್ರಾವತಿಯ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಹಿಂದಿರುಗುತ್ತಿದ್ದರು. ಪರವಾನಗಿಯಿಲ್ಲದೆ ಸಿಮೆಂಟು ದೊರೆಯದಿದ್ದ ಕಾಲ. ಒಂದೊಂದು ಮೂಟೆಗೂ ಅರ್ಜಿ, ಅರ್ಜಿಗೊಂದು ಮುದ್ರೆ, ಮುದ್ರೆಗೊಂದು ಓಡಾಟ. ಹಾಗೆ ಕೂಡಿಹಾಕಿದ ಮೂಟೆಗಳಲ್ಲಿ ಗೋಡೆಗೆ ಹೋದದ್ದು ಹೋಗಿ ಉಳಿದುದರಲ್ಲಿ ನಡುಮನೆ, ಎರಡು ಕೋಣೆ, ಅಡಿಗೆಯ ಮನೆ, ಬಚ್ಚಲುಗಳಿಗೆ ಹತ್ತು ಅಂಗುಲದ ಮೊಸಾಯಿಕ್ ಬಿಲ್ಲೆ ಬಿದ್ದಿತು. ಕಟ್ಟಿಸಿದವರು ತೀರಿಕೊಂಡು ಬಹುಕಾಲವಾಯಿತು. ಈಗ ಆ ಮನೆಯಲ್ಲಿ ಇರುವವರು ಮೂವರು: ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದ ಮಗ, ಅವರ ಪತ್ನಿ, ತೊಂಬತ್ತೆರಡು ವರ್ಷದ ತಾಯಿ.

ತಾಯಿಯವರಿಗೆ ಕಣ್ಣು ಕಾಣುವುದಿಲ್ಲ. ಹನ್ನೆರಡು ವರ್ಷಗಳ ಕೆಳಗೆ ಕಣ್ಣಿನ ಒತ್ತಡದ ರೋಗ ಹಿಡಿದು, ದೀಪದ ಬತ್ತಿಯನ್ನು ಇಳಿಸಿದಂತೆ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಇಳಿದುಹೋಯಿತು. ಆದರೂ ಅವರು ಮನೆಯೊಳಗೆ ಯಾರ ಕೈಯನ್ನೂ ಹಿಡಿಯುವುದಿಲ್ಲ, ಕೋಲನ್ನೂ ಹಿಡಿಯುವುದಿಲ್ಲ. ಬರಿಗಾಲಿನಲ್ಲಿ, ಪಾದವನ್ನು ಪೂರ್ತಿ ಎತ್ತದೆ, ಮೆಲ್ಲನೆ ಜಾರಿಸುತ್ತ ನಡೆಯುತ್ತಾರೆ. ಮಂಚದಿಂದ ಕೋಣೆಯ ಬಾಗಿಲಿಗೆ ಏಳು ಸಂದು. ದೇವರ ಮನೆಗೆ ಹತ್ತೊಂಬತ್ತು. ಅಲ್ಲಿ ಬಲಕ್ಕೆ ತಿರುಗಿದರೆ ಬಚ್ಚಲಿನ ಹೊಸ್ತಿಲಿಗೆ ಒಟ್ಟು ಮೂವತ್ತೊಂದು. ಈ ಲೆಕ್ಕವನ್ನು ಅವರು ಯಾರಿಗೂ ಹೇಳಿರಲಿಲ್ಲ. ಮನೆಯವರು ಅಭ್ಯಾಸಬಲವೆಂದುಕೊಂಡಿದ್ದರು. ಒಂದು ದಿನ ಬೆಳಿಗ್ಗೆ ಅವರು ದೇವರ ಮನೆಯ ಮುಂದೆ ನಿಂತು, “ಹತ್ತೊಂಬತ್ತನೆಯದರ ಸಂದು ಸತ್ತುಹೋಗಿದೆ, ಬಿಲ್ಲೆ ಅಲುಗುತ್ತದೆ. ಇಪ್ಪತ್ತನಾಲ್ಕನೆಯದು ಒಡೆದಿದೆ, ಹೆಬ್ಬೆರಳಿಗೆ ಚುಚ್ಚಿತು” ಎಂದಾಗಲೇ ಮಗನಿಗೆ ವಿಷಯ ತಿಳಿದದ್ದು. ಅವರು ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ನೋಡಿದರು. ತಾಯಿ ಹೇಳಿದ್ದರಲ್ಲಿ ಒಂದಂಕೆಯೂ ತಪ್ಪಿರಲಿಲ್ಲ.

ಸಂದು ಸಾಯುವ ಬಗೆ ಹೀಗೆ. ಬಿಲ್ಲೆಗಳ ನಡುವೆ ತುಂಬಿದ್ದ ಸಿಮೆಂಟು ಅರುವತ್ತು ವರ್ಷದ ಒರಸುವಿಕೆಯಿಂದ ಸವೆದು, ಅಲ್ಲಲ್ಲಿ ಪುಡಿಯಾಗಿ ಹೊರಬೀಳುತ್ತದೆ. ಆ ಬಳಿಕ ಒರಸಿದ ನೀರೆಲ್ಲ ಆರುವುದಿಲ್ಲ, ಕೊಂಚ ಕೆಳಗಿಳಿಯುತ್ತದೆ. ಹನಿಗೂಡಿದರೆ ಹಳ್ಳವೆಂಬ ಗಾದೆ ನೆಲದ ಕೆಳಗೂ ಸಲ್ಲುತ್ತದೆ. ನೀರು ತಾಗಿದ ಹಾಸುಗಾರೆ ಮೆತ್ತಗಾಗುತ್ತದೆ, ಇರುವೆ ಅದರ ಮರಳನ್ನು ಹೊರುತ್ತದೆ, ಬಿಲ್ಲೆಯ ಕೆಳಗೆ ಪೊಳ್ಳು ಹುಟ್ಟುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಕುಂಬಳಕಾಯಿಯಂತೆ ಸದ್ದಾಗುತ್ತದೆ. ಪೊಳ್ಳಿನ ಮೇಲೆ ಕಾಲಿಟ್ಟಾಗ ಬಿಲ್ಲೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತದೆ. ಏಳುವುದು ಒಂದು ಕಾಳಿನಷ್ಟು ಇರಬಹುದು. ಕಣ್ಣಿದ್ದವರು ಎಡವಿ, ಗೊಣಗಿ, ಮುಂದೆ ಹೋಗುತ್ತಾರೆ. ತೊಂಬತ್ತು ದಾಟಿದ ಮೂಳೆಗೆ ಅಷ್ಟೇ ಸಾಕು. ಆ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದು ಮಲಗಿದವರು ಮತ್ತೆ ಮೊದಲಿನಂತೆ ಎದ್ದು ನಡೆಯುವುದು ಅಪರೂಪವೆಂಬುದನ್ನು ಆ ಬೀದಿಯಲ್ಲೇ ಎರಡು ಮನೆಯವರು ಕಂಡಿದ್ದರು.

ಬೆಂಗಳೂರಿನಲ್ಲಿರುವ ಮೊಮ್ಮಗ ದೂರವಾಣಿಯಲ್ಲಿ ಪರಿಹಾರವನ್ನು ಸೂಚಿಸಿದ. ಹಳೆಯದರ ತಂಟೆಗೇ ಹೋಗುವುದು ಬೇಡ, ಅದರ ಮೇಲೆ ದೊಡ್ಡ ವಿಟ್ರಿಫೈಡ್ ಬಿಲ್ಲೆಗಳನ್ನು ಅಂಟಿಸಿಬಿಡಬಹುದು, ಒಂದು ವಾರದ ಕೆಲಸ, ಸಂದು ಕಾಣುವುದೇ ಇಲ್ಲ, ಖರ್ಚು ತನ್ನದು. ಹುಡುಗನ ಅಂತಃಕರಣದಲ್ಲಿ ಯಾವ ಕೊರತೆಯೂ ಇಲ್ಲ. ಅವನು ಹೇಳಿದ ಬಿಲ್ಲೆಯೂ ಕೆಟ್ಟದ್ದಲ್ಲ. ಅತಿ ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತಾದ ಅದು ನೂರಕ್ಕೆ ಅರ್ಧ ಪಾಲಿನಷ್ಟೂ ನೀರನ್ನು ಹೀರುವುದಿಲ್ಲ. ಆದರೆ ಹೊಳಪು ಕೊಟ್ಟ ಅಂತಹ ನೆಲದ ಮೇಲೆ ನೀರು ಬಿದ್ದರೆ ಕಣ್ಣಿದ್ದವರಿಗೇ ಕಷ್ಟ. ಸಂದಿಲ್ಲದ ನೆಲದಲ್ಲಿ ಅಜ್ಜಿ ದೇವರ ಮನೆಯನ್ನು ಹೇಗೆ ಹುಡುಕಬೇಕು? ಈ ಪ್ರಶ್ನೆಗೆ ದೂರವಾಣಿಯ ಆ ಕೊನೆಯಲ್ಲಿ ಕ್ಷಣಕಾಲ ಮೌನವಾಯಿತು. ಆಮೇಲೆ ಅವನು, “ಹಾಗಾದರೆ ಗ್ರೌಟ್ ಮಾಡಿಸಿ” ಎಂದ.

ಗ್ರೌಟ್ ಎಂಬುದಕ್ಕೆ ಪಂಡಿತರು ಕನ್ನಡ ಪದವನ್ನು ಹುಡುಕಿದ್ದು ಸಹಜ. ಮೂವತ್ತು ವರ್ಷ ವ್ಯಾಕರಣ ಬೋಧಿಸಿದವರು ಸಂದಿನ ವಿಷಯ ಬಂದಾಗ ಸಂಧಿಯನ್ನು ನೆನೆಯದೆ ಇರುತ್ತಾರೆಯೆ? ಕನ್ನಡದ ಸಂಧಿಗಳು ಮೂರು ಎಂದು ಅವರು ಪತ್ನಿಗೆ ವಿವರಿಸಿದರು. ಊರು, ಅಲ್ಲಿ ಎಂಬೆರಡು ಕೂಡಿ ಊರಲ್ಲಿ ಎಂದಾಗುವುದು ಲೋಪಸಂಧಿ. ನಡುವಿನ ಸ್ವರವೊಂದು ಬಿದ್ದುಹೋಗಿ ಎರಡೂ ಅಂಟಿಕೊಳ್ಳುತ್ತವೆ. ಸಂದೇ ಇಲ್ಲದಂತೆ ಬಿಲ್ಲೆಗೆ ಬಿಲ್ಲೆಯನ್ನು ಒತ್ತಿ ಕೂರಿಸುವವರದು ಈ ಮತ. ಮಳೆ, ಕಾಲ ಸೇರಿ ಮಳೆಗಾಲವಾಗುವುದು ಆದೇಶಸಂಧಿ. ಇದ್ದ ಅಕ್ಷರವನ್ನು ತೆಗೆದು ಬೇರೆಯದನ್ನು ಇಡುವುದು. ಅದು ಮೊಮ್ಮಗನ ಮತ. ಇನ್ನು ನೆಲ ಎಂಬುದಕ್ಕೆ ಅನ್ನು ಪ್ರತ್ಯಯ ಸೇರಿದರೆ ನೆಲವನ್ನು ಎಂದಾಗುತ್ತದೆ. ಯಾವುದನ್ನೂ ಕಳೆಯದೆ ನಡುವೆ ಒಂದು ವಕಾರ ಬಂದು ನಿಲ್ಲುತ್ತದೆ. ಇದು ಆಗಮಸಂಧಿ. ಲೋಪ ಮಾಡಿದರೆ ಅರ್ಥ ಕೆಡುವ ಕಡೆಯಲ್ಲಿ ಆಗಮವನ್ನು ಮಾಡಬೇಕೆಂದು ವೈಯಾಕರಣರ ವಿಧಿ. ಪತ್ನಿಯವರು ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಮೇಸ್ತ್ರಿ ಯಾವಾಗ ಬರುತ್ತಾನೆ?” ಎಂದರು.

ಮೇಸ್ತ್ರಿ ಬಂದದ್ದು ಭದ್ರಾವತಿಯಿಂದ. ವಯಸ್ಸಾದವನು, ಯೌವನದಲ್ಲಿ ಕುಲುಮೆಗಳ ಒಳಮೈಗೆ ಬೆಂಕಿ ಇಟ್ಟಿಗೆ ಕಟ್ಟುವ ತಂಡದೊಡನೆ ದುಡಿದವನು. ಕುಲುಮೆಯ ಇಟ್ಟಿಗೆ ಕಟ್ಟುವವನಿಗೆ ಸಂದಿನ ವಿಷಯದಲ್ಲಿ ಇರುವ ಭಯಭಕ್ತಿ ಮನೆ ಕಟ್ಟುವವನಿಗೆ ಇರುವುದಿಲ್ಲ. ಅಲ್ಲಿ ಇಟ್ಟಿಗೆಗೂ ಇಟ್ಟಿಗೆಗೂ ನಡುವಿನ ಗಾರೆ ಒಂದೆರಡು ಮಿಲಿಮೀಟರನ್ನು ಮೀರಬಾರದು. ಕರಗಿದ ಕಬ್ಬಿಣ ಮೊದಲು ಕಚ್ಚುವುದು ಸಂದನ್ನೇ. ಹಾಗೆಂದು ಎಲ್ಲ ಕಡೆಯೂ ಬಿಗಿಯಾಗಿ ಒತ್ತಿಬಿಟ್ಟರೆ, ಕಾದ ಇಟ್ಟಿಗೆಗಳು ಹಿಗ್ಗಿ ಒಂದನ್ನೊಂದು ಸೀಳುತ್ತವೆ. ಆದ್ದರಿಂದ ಇಂತಿಷ್ಟು ದೂರಕ್ಕೊಂದು ಹಿಗ್ಗುಸಂದನ್ನು ಬೇಕೆಂದೇ ಬಿಡುತ್ತಾರೆ. “ತೆಳ್ಳಗಿರಬೇಕು, ಇಲ್ಲದೆ ಇರಬಾರದು” ಎಂದು ಅವನು ಎರಡೇ ಮಾತಿನಲ್ಲಿ ತನ್ನ ಶಾಸ್ತ್ರವನ್ನು ಮುಗಿಸಿದ.

ಮನೆಯ ನೆಲಕ್ಕೆ ಕುಲುಮೆಯ ಶಾಖವಿಲ್ಲ. ಆದರೂ ಶಾಸ್ತ್ರ ಒಂದೇ. ಸುಟ್ಟ ಬಿಲ್ಲೆ ಹಾಸಿದ 5 ಮೀಟರು ಉದ್ದದ ನಡುಮನೆಯಲ್ಲಿ ನೆಲದ ಶಾಖ 20 ಡಿಗ್ರಿಯಷ್ಟು ಏರಿದರೆ ಆ ನೆಲ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಡೆ ಇಂತಹ ಏರಿಳಿತ ಅಸಂಭವವಲ್ಲ. ಆ ಮುಕ್ಕಾಲು ಮಿಲಿಮೀಟರಿಗೆ ಎಲ್ಲಿಯೂ ಜಾಗವಿಲ್ಲದಿದ್ದರೆ ಒಂದು ದಿನ ನಡುಹಗಲಿನಲ್ಲಿ ಪಟಾಕಿಯಂತೆ ಸದ್ದಾಗಿ ಎರಡು ಬಿಲ್ಲೆಗಳು ಗುಡಾರದಂತೆ ಮೇಲೆದ್ದು ನಿಲ್ಲುತ್ತವೆ. ಹೊಸ ಮನೆಗಳಲ್ಲಿ ಇದನ್ನು ಕಂಡು ಭೂಕಂಪವೆಂದು ಹೊರಗೆ ಓಡಿದವರುಂಟು. ಗೋಡೆಯ ಬುಡದಲ್ಲಿ ಸುತ್ತಲೂ ಸ್ವಲ್ಪ ಜಾಗ ಬಿಟ್ಟು ಅದನ್ನು ಅಂಚುಪಟ್ಟಿಯಿಂದ ಮರೆಮಾಡುವುದು, ಬಿಲ್ಲೆಗಳ ನಡುವೆ 2 ಅಥವಾ 3 ಮಿಲಿಮೀಟರಿನ ಶಿಲುಬೆಯಾಕಾರದ ಗುರುತುಗಳನ್ನಿಟ್ಟು ಸಂದು ಬಿಡುವುದು, ಇವೆಲ್ಲ ಸೊಗಸಿಗಾಗಿ ಮಾಡಿದ ಕಟ್ಟಳೆಗಳಲ್ಲ.

ಭದ್ರಾವತಿಯ ಹಳೆಯ ಊರಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಕಂಡವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹದಿಮೂರನೆಯ ಶತಮಾನದ ಆ ಹೊಯ್ಸಳ ತ್ರಿಕೂಟದಲ್ಲಿ ಕಲ್ಲಿಗೆ ಕಲ್ಲು ಗಾರೆಯಿಲ್ಲದೆಯೇ ಕೂತಿಲ್ಲವೆ? ಕೂತಿದೆ. ಮೇಸ್ತ್ರಿಯೂ ಅದನ್ನು ಒಪ್ಪಿಕೊಂಡ. ಅಲ್ಲಿ ಕಲ್ಲಿನ ಗಾತ್ರವೇ ಬೇರೆ, ಭಾರವೇ ಬೇರೆ, ಕಂಡರಿಸಿದವರ ಕೈಯೂ ಬೇರೆ. ಹತ್ತು ಅಂಗುಲದ ಬಿಲ್ಲೆಗೆ ಆ ಭಾರವಿಲ್ಲ; ಇಂದಿನ ಕೂಲಿಗೆ ಆ ಕೈಯಿಲ್ಲ.

ಅಲುಗುವ ಬಿಲ್ಲೆಯನ್ನು ಎತ್ತಿ ಕೂರಿಸುವುದು ಮೇಸ್ತ್ರಿಯ ಕೆಲಸವೆಂದೂ, ಸಂದು ಕೆದಕುವುದು ತುಂಬುವುದು ಮನೆಯವರ ಕೆಲಸವೆಂದೂ ನಿಶ್ಚಯವಾಯಿತು. ಹಣದ ಹಿಡಿತವೂ ಇದಕ್ಕೆ ಒಂದು ಕಾರಣ. ಪಂಡಿತರ ಉತ್ಸಾಹ ಇನ್ನೊಂದು. ಕೆದಕುವ ಕೆಲಸಕ್ಕೆ ಅವರು ಎರಡು ದಿನವೆಂದು ಅಂದಾಜು ಮಾಡಿದ್ದರು. ಆರು ದಿನ ಹಿಡಿಯಿತು. ಹಳೆಯ ತುಂಬುಗಾರೆಯನ್ನು ಮೇಲೆ ಮೇಲೆ ಕೆರೆದರೆ ಹೊಸದು ಹಿಡಿಯುವುದಿಲ್ಲ. ಬಿಲ್ಲೆಯ ದಪ್ಪದ ಮೂರರಲ್ಲಿ ಎರಡು ಪಾಲು ಆಳಕ್ಕಾದರೂ ತೆಗೆಯಬೇಕು; ಬಿಲ್ಲೆಯ ಅಂಚು ಚಿಮ್ಮದಂತೆ ತೆಗೆಯಬೇಕು. ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಕೂರಬೇಕು. ಮರಳು ಸಿಮೆಂಟುಗಳ ಆ ಸೂಕ್ಷ್ಮ ಧೂಳು ಶ್ವಾಸಕೋಶಕ್ಕೆ ಹಿತವಲ್ಲ. ಹೊರಬಂದ ವಸ್ತುಗಳನ್ನು ಪತ್ನಿಯವರು ಒಂದು ತಟ್ಟೆಯಲ್ಲಿ ಕೂಡಿಟ್ಟರು: ಒಂದು ಕಿವಿಯೋಲೆಯ ತಿರುಪು, ಮುರಿದ ಬಳಪದ ತುಂಡುಗಳು, ನಾಲ್ಕಾರು ಮಣಿಗಳು, ಒಂದು ತಾಮ್ರದ ಕಾಸು, ಹೆಸರಿಡಲಾಗದ ಕಪ್ಪು ಮಣ್ಣು ಹಿಡಿಯಷ್ಟು. ತಿರುಪನ್ನು ಬೆರಳಲ್ಲಿ ಹಿಡಿದು ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಅದು ಯಾರದೆಂದು ಕೇಳಿದಾಗ ಉತ್ತರ ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಬಚ್ಚಲಿನ ಸಂದು ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟಿತ್ತು. ಅದಕ್ಕೆ ನೀರೊಂದೇ ಕಾರಣವಲ್ಲ. ಹಂಡೆ, ತಂಬಿಗೆ, ದೇವರ ದೀಪಗಳನ್ನು ಹುಣಿಸೆಹಣ್ಣು ಹಚ್ಚಿ ಅಲ್ಲಿಯೇ ಬೆಳಗುವುದು ಆ ಮನೆಯ ಪದ್ಧತಿ. ಹುಳಿ ತಾಮ್ರದ ಕಿಲುಬನ್ನು ಕರಗಿಸುವಂತೆಯೇ ಸಿಮೆಂಟಿನ ಸುಣ್ಣದ ಅಂಶವನ್ನೂ ಕರಗಿಸುತ್ತದೆ. ದಿನಕ್ಕೆ ಒಂದು ಕೂದಲೆಳೆಯಷ್ಟು ಇರಬಹುದು. ಅರುವತ್ತು ವರ್ಷಕ್ಕೆ ಅದು ಲೆಕ್ಕಕ್ಕೆ ಬರುತ್ತದೆ. ಇನ್ನು ಕಲೆ ಹೋಗಲೆಂದು ಬಾಟಲಿಯ ಆಸಿಡ್ಡನ್ನೇ ಸುರಿದು ತಿಕ್ಕುವ ಮನೆಗಳೂ ಉಂಟು. ಅವರು ಬಿಲ್ಲೆಯನ್ನು ಬೆಳಗುತ್ತಿರುವುದಾಗಿ ತಿಳಿದು ಸಂದನ್ನು ತಿನ್ನಿಸುತ್ತಿರುತ್ತಾರೆ. ಈ ಕಾರಣದಿಂದ ಬಚ್ಚಲಿಗೆ ಮಾತ್ರ ಎಪಾಕ್ಸಿ ಎಂಬ ಅಂಟಿನ ತುಂಬುಗಾರೆ ತರಿಸಲಾಯಿತು. ಅದರಲ್ಲಿ ಸಿಮೆಂಟಿಲ್ಲ. ಎರಡು ಡಬ್ಬಿಗಳ ದ್ರವವನ್ನು ಪುಡಿಯೊಡನೆ ಕಲಸಿದ ಕೂಡಲೆ ಗಟ್ಟಿಯಾಗತೊಡಗುತ್ತದೆ. ಒರಸುವುದು ಸ್ವಲ್ಪ ತಡವಾದರೆ ಬಿಲ್ಲೆಯ ಮೇಲೆಯೇ ಕಲ್ಲಾಗಿ ಕೂರುತ್ತದೆ. ಹುಳಿಗೆ ಜಗ್ಗುವುದಿಲ್ಲ, ನೀರನ್ನು ಒಳಗೆ ಬಿಡುವುದಿಲ್ಲ, ಬೆಲೆ ಮಾತ್ರ ದುಬಾರಿ. ಮೇಸ್ತ್ರಿ ಅದನ್ನು ತಾನೇ ತುಂಬಿದ. ತುಂಬುವಷ್ಟು ಹೊತ್ತೂ ಬಯ್ಯುತ್ತಲೇ ಇದ್ದ.

ಉಳಿದ ನೆಲಕ್ಕೆ ಸಿಮೆಂಟಿನ ಪುಡಿಯೇ. ಕಿರಿದಾದ ಸಂದಿಗೆ ಮರಳಿಲ್ಲದ ನುಣ್ಣನೆಯ ಪುಡಿ ಸಾಕು. 3 ಮಿಲಿಮೀಟರಿಗಿಂತ ಅಗಲವಾದರೆ ಮರಳು ಬೆರೆತದ್ದು ಬೇಕು, ಇಲ್ಲವಾದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬಣ್ಣ ಬಿಳಿ ಬೇಡವೆಂದು ಪತ್ನಿಯವರು ಖಂಡಿತವಾಗಿ ಹೇಳಿದರು. ಬಿಳಿಯ ಸಂದು ಬಿಳಿಯಾಗಿರುವುದು ಅಂಗಡಿಯಲ್ಲಿ ಮಾತ್ರ. ಬೂದು ಬಣ್ಣ ತಂದರು. ಕಲಸುವ ಹದವನ್ನೂ ಅವರೇ ನಿರ್ಣಯಿಸಿದರು. ಪೊಟ್ಟಣದ ಮೇಲೆ ಬರೆದಿದ್ದ ನೀರಿನ ಅಳತೆ ಪಂಡಿತರಿಗೆ ಬಹಳ ಕಡಿಮೆಯಾಗಿ ಕಂಡಿತು. ಕೈಗೆ ಸುಲಭವಾಗಲೆಂದು ಇನ್ನೊಂದು ಲೋಟ ಹುಯ್ಯಲು ಹೊರಟಿದ್ದರು. ಪತ್ನಿ ತಡೆದರು. ಹೆಚ್ಚು ನೀರು ಕುಡಿದ ಸಿಮೆಂಟು ಸುಲಭವಾಗಿ ಹರಿಯುತ್ತದೆ. ಆದರೆ ಆ ನೀರು ಆರಿಹೋದ ಜಾಗದಲ್ಲೆಲ್ಲ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಬಣ್ಣ ಮಚ್ಚೆಮಚ್ಚೆಯಾಗುತ್ತದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಇಡ್ಲಿಯ ಹಿಟ್ಟಿಗಿಂತ ಗಟ್ಟಿ, ಹೋಳಿಗೆಯ ಹೂರಣಕ್ಕಿಂತ ಸಡಿಲ, ಇದು ಅವರು ಗೊತ್ತುಮಾಡಿದ ಹದ. ಹತ್ತು ನಿಮಿಷ ಹಾಗೆಯೇ ಬಿಟ್ಟು ಮತ್ತೊಮ್ಮೆ ಕಲಸಿದರು. ನೀರು ನಲ್ಲಿಯದು, ಎಂದರೆ ತುಂಗೆಯದು. ಕೊಳವೆ ಬಾವಿಯ ಉಪ್ಪುನೀರಿನಲ್ಲಿ ಕಲಸಿದರೆ ಸಂದಿನ ಮೇಲೆ ಬಿಳಿಯ ಉಪ್ಪು ಹೂಬಿಡುವ ಸಂಭವವಿದೆ. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು ಎಂದು ಹಿರಿಯರು ಹೇಳಿದ್ದರಲ್ಲಿ ಗ್ರೌಟಿನ ಪ್ರಸ್ತಾಪವಿಲ್ಲ, ಇದ್ದರೂ ತಪ್ಪಾಗುತ್ತಿರಲಿಲ್ಲ.

ತುಂಬುವ ಕೆಲಸವನ್ನು ನೋಡಿದವರಿಗೆ ಅದು ಸುಲಭವೆನಿಸುತ್ತದೆ. ಸಂದನ್ನು ಮೊದಲು ಒದ್ದೆ ಬಟ್ಟೆಯಿಂದ ತೇವ ಮಾಡಬೇಕು, ನೀರು ನಿಲ್ಲಬಾರದು. ಬಳಿಕ ರಬ್ಬರಿನ ಕರಣೆಯನ್ನು ಓರೆಯಾಗಿ ಹಿಡಿದು, ಸಂದಿನ ಉದ್ದಕ್ಕಲ್ಲ, ಅದಕ್ಕೆ ಅಡ್ಡಲಾಗಿ ಮೂಲೆಯಿಂದ ಮೂಲೆಗೆ ಎಳೆಯಬೇಕು. ಉದ್ದಕ್ಕೆ ಎಳೆದರೆ ಕರಣೆಯ ಅಂಚು ಒಳಗೆ ಇಳಿದು ತುಂಬಿದ್ದನ್ನೇ ತೋಡಿ ತರುತ್ತದೆ. ಒತ್ತಿ ತುಂಬಬೇಕು, ಮೇಲೆ ಸವರಿದರೆ ಒಳಗೆ ಗಾಳಿ ಉಳಿಯುತ್ತದೆ. ಕಾಲು ಗಂಟೆಯೋ ಅರ್ಧ ಗಂಟೆಯೋ ಕಳೆದು, ಬೆರಳು ಒತ್ತಿದರೆ ಅಂಟದಂತಾದಾಗ, ಹಿಂಡಿದ ಸ್ಪಂಜಿನಿಂದ ಓರೆಯಾಗಿಯೇ ಒರಸಬೇಕು. ಬೇಗ ಒರಸಿದರೆ ಸಂದು ಬರಿದಾಗುತ್ತದೆ. ತಡವಾದರೆ ಬಿಲ್ಲೆಯ ಮೇಲಿನ ಬೂದುಪೊರೆ ಜನ್ಮಾಂತರದ ಋಣದಂತೆ ಹಿಂಬಾಲಿಸುತ್ತದೆ. ಕೈಗೆ ಚೀಲ ಹಾಕಿಕೊಳ್ಳುವುದನ್ನು ಮರೆಯಬಾರದು. ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ. ಸುಟ್ಟದ್ದು ಗೊತ್ತಾಗುವುದು ರಾತ್ರಿ ಊಟಕ್ಕೆ ಕುಳಿತು ಸಾರಿನಲ್ಲಿ ಬೆರಳಿಟ್ಟಾಗ.

ಎಷ್ಟು ತುಂಬಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಬಿಲ್ಲೆಯ ಮಟ್ಟಕ್ಕೆ ಸರಿಯಾಗಿ ತುಂಬಿದರೆ ಕಸ ಕೂರುವುದಿಲ್ಲ, ಒರಸಲು ಸುಲಭ ಎಂದು ಪತ್ನಿಯವರ ವಾದ. ನಲವತ್ತೈದು ವರ್ಷ ಆ ನೆಲವನ್ನು ಒರಸಿದವರ ಮಾತನ್ನು ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮಟ್ಟಸವಾಗಿ ತುಂಬಿದ ಸಂದು ತಾಯಿಯ ಪಾದಕ್ಕೆ ತಿಳಿಯುವುದೆ? ಪಂಡಿತರು ಬರಿಗಾಲಿನಲ್ಲಿ ಕಣ್ಣು ಮುಚ್ಚಿಕೊಂಡು ತುಂಬಿದ ಭಾಗದ ಮೇಲೆ ನಡೆದು ನೋಡಿದರು. ಅವರಿಗೆ ಏನೂ ತಿಳಿಯಲಿಲ್ಲ. ತಿರುವಿನಲ್ಲಿ ಗೋಡೆಗೆ ಮೊಣಕೈ ತಗುಲಿತು. ಮೇಸ್ತ್ರಿ ಬೀಡಿ ಆರಿಸಿ ಒಳಗೆ ಬಂದು, ಹಲ್ಲುಜ್ಜುವ ಬ್ರಷ್ಷಿನ ದುಂಡಗಿನ ಹಿಡಿಯಿಂದ ಒಂದು ಹಸಿ ಸಂದಿನ ಮೇಲೆ ಮೆಲ್ಲನೆ ಗೆರೆ ಎಳೆದ. ಸಂದು ನಡುವಿನಲ್ಲಿ ಸ್ವಲ್ಪವೇ ತಗ್ಗಿ ದೋಣಿಯಂತೆ ಬಾಗಿತು. ಅಂಚುಗಳು ಬಿಲ್ಲೆಯನ್ನು ಬಿಗಿಯಾಗಿ ಹಿಡಿದುಕೊಂಡವು. ಅಸಲಿಗೆ ಒಳ್ಳೆಯ ಕೆಲಸಗಾರರು ಸಂದನ್ನು ಮುಗಿಸುವ ರೀತಿಯೇ ಇದು. ನೀರಿಗೂ ಇದು ಒಳ್ಳೆಯದು. ಪತ್ನಿಯವರು ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಯಿಸಿ ನೋಡಿ, “ಇಷ್ಟಾದರೆ ಆದೀತು” ಎಂದರು. ಆ ಬ್ರಷ್ಷಿನ ಹಿಡಿಯಿಂದ ಪಂಡಿತರು ಮುನ್ನೂರಕ್ಕೂ ಹೆಚ್ಚು ಸಂದುಗಳನ್ನು ಗೀಚಿದರು. ಮಂಡಿ ಊರಿಯೇ ಗೀಚಬೇಕು. ಎಪ್ಪತ್ತೆರಡರ ಮಂಡಿ ಅದನ್ನು ಇನ್ನೂ ಮರೆತಿಲ್ಲ.

ಒಡೆದ ಇಪ್ಪತ್ತನಾಲ್ಕನೆಯ ಬಿಲ್ಲೆಗೆ ಜೋಡಿ ಸಿಕ್ಕಲಿಲ್ಲ. ಗಾಂಧಿ ಬಜಾರಿನಿಂದ ಹಿಡಿದು ಸವಳಂಗ ರಸ್ತೆಯವರೆಗೆ ವಿಚಾರಿಸಿದ್ದಾಯಿತು. ಅಂತಹ ಚೂರುಗಳ ಬಿಲ್ಲೆಯನ್ನು ಈಗ ಯಾರೂ ಇಡುವುದಿಲ್ಲ. ಹಿತ್ತಲಿನ ತೆಂಗಿನ ಬುಡದಲ್ಲಿ 1964ರ ಉಳಿಕೆಯೆಂದು ಮಣ್ಣಲ್ಲಿ ಹೂತಿದ್ದ ಎರಡು ಅರ್ಧ ತುಂಡುಗಳು ದೊರೆತವು. ಮೇಸ್ತ್ರಿ ಅವನ್ನೇ ತೊಳೆದು, ಅಂಚು ತಿದ್ದಿ, ಹೊಸ ಗಾರೆಯ ಮೇಲೆ ಜೋಡಿಸಿದ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ಜನ ತಿಳಿದಿದ್ದಾರೆ. ಅದು ಒಣಗುವುದಲ್ಲ, ನೀರಿನೊಡನೆ ರಾಸಾಯನಿಕವಾಗಿ ಸೇರಿ ಕಲ್ಲಾಗುವುದು. ಬೇಗ ಒಣಗಿದರೆ ಆ ಸೇರುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಆದುದರಿಂದ ಬೀಸಣಿಗೆಯನ್ನು ನಿಲ್ಲಿಸಿ, ಕಿಟಕಿಗೆ ಪರದೆ ಎಳೆದು, ಮೂರು ದಿನ ಸಂದುಗಳಿಗೆ ತೆಳುವಾಗಿ ನೀರು ಚಿಮುಕಿಸಿದರು. ಆ ಮೂರು ದಿನ ಹಲಗೆ ಹಾಸಿದ ಕಡೆಯಲ್ಲಷ್ಟೇ ಓಡಾಟ. ತಾಯಿ ಮಗನ ಕೈ ಹಿಡಿದು ಬಚ್ಚಲಿಗೆ ಹೋಗಿ ಬಂದರು. ಹಲಗೆಯ ಮೇಲೆ ಎಣಿಸಲು ಏನೂ ಇರಲಿಲ್ಲ. ಎಂದೂ ಯಾವುದಕ್ಕೂ ಬೇಸರಪಡದ ಅವರು ಆ ಮೂರು ದಿನ ಊಟ ಸೇರುವುದಿಲ್ಲವೆಂದರು. ರಾತ್ರಿ ನೀರು ಬೇಕಾದರೂ ಕೇಳಲಿಲ್ಲ. ಮಗನ ಕೈ ಎಷ್ಟು ಮೆತ್ತಗಿದ್ದರೇನು, ಅದು ಇನ್ನೊಬ್ಬರ ಕೈಯೇ ಸರಿ.

ನಾಲ್ಕನೆಯ ದಿನ ಬೆಳಿಗ್ಗೆ ಹಲಗೆಗಳನ್ನು ತೆಗೆದರು. ತಾಯಿ ಮಂಚದಿಂದ ಇಳಿದು, ಪಾದವನ್ನು ಊರಿ, ಸ್ವಲ್ಪ ಹಿಂದೆ ಮುಂದೆ ಸರಿಸಿ ನೋಡಿದರು. ಬಳಿಕ ಹೊರಟರು. ಪತ್ನಿ ಅಡಿಗೆಯ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಪಂಡಿತರು ಎರಡು ಹೆಜ್ಜೆ ಹಿಂದೆ ಕೈಗಳನ್ನು ಚಾಚಿಕೊಂಡೇ ಬರುತ್ತಿದ್ದರು. ಏಳಕ್ಕೆ ಬಾಗಿಲು. ಹತ್ತೊಂಬತ್ತಕ್ಕೆ ದೇವರ ಮನೆ. ಅಲ್ಲಿ ಕೈ ಮುಗಿದು ಬಲಕ್ಕೆ ತಿರುಗಿದರು. ಬಿಲ್ಲೆ ಅಲುಗಲಿಲ್ಲ. ಇಪ್ಪತ್ತನಾಲ್ಕರಲ್ಲಿ ನಿಂತರು. ಬಲಗಾಲಿನ ಹೆಬ್ಬೆರಳು ಎರಡು ಅರ್ಧ ತುಂಡುಗಳ ನಡುವಿನ ಹೊಸ ಗೆರೆಯನ್ನು ಮುಟ್ಟಿತು, ಬಿಟ್ಟಿತು, ಮತ್ತೆ ಮುಟ್ಟಿತು. ಸಂದನ್ನು ತಪ್ಪು ಎಣಿಸಿದೆನೋ ಎಂಬಂತೆ ಅವರ ತುಟಿ ಅಲುಗಿತು. ಮಗ ವಿವರಿಸಲು ಬಾಯಿ ತೆರೆಯುವುದರೊಳಗೆ ಅವರು ಕೈ ಎತ್ತಿ ತಡೆದು, ಮುಂದೆ ನಡೆದು, ಬಚ್ಚಲಿನ ಹೊಸ್ತಿಲನ್ನು ಮುಟ್ಟಿ ನಿಂತರು.

“ಇನ್ನು ಮೇಲೆ ಮೂವತ್ತೆರಡು” ಎಂದು ಹೇಳಿ ಒಳಗೆ ಹೋಗಿ ಅಗಣಿ ಹಾಕಿಕೊಂಡರು.